ಹಳೆಯ ಕಿನ್ನರ ಕಥೆ, ಇಂದಿನ ಓದುಗ: ಏನನ್ನು ಬದಲಿಸಬೇಕು, ಏನನ್ನು ಉಳಿಸಬೇಕು?

ಪ್ರಶ್ನೆ: ಸಿಂಡರೆಲ್ಲಾ, ಸ್ನೋ ವೈಟ್, ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಮುಂತಾದ ಹಳೆಯ ಕಿನ್ನರ ಕಥೆಗಳನ್ನು ಇಂದಿನ ಹದಿಹರೆಯದವರೂ ದೊಡ್ಡವರೂ ಓದುವಂತೆ ಹೊಸದಾಗಿ ಬರೆಯುತ್ತಿದ್ದೇನೆ. ಮೂಲವನ್ನು ಕೆಡಿಸಬಾರದು ಎಂದು ಕೆಲವರು ಹೇಳುತ್ತಾರೆ. ರಾಜಕುಮಾರನಿಗಾಗಿ ಕಾದು ಕೂರುವ ಹೆಣ್ಣು, ಕಣ್ಣು ಕುಕ್ಕುವ ಹಕ್ಕಿ ಇವೆಲ್ಲ ಈ ಕಾಲಕ್ಕೆ ಸಲ್ಲುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ನಾನು ಸಿಂಡರೆಲ್ಲಾಳ ಕೈಗೆ ಕತ್ತಿ ಕೊಟ್ಟಿದ್ದೇನೆ, ಕ್ರೌರ್ಯವನ್ನು ತೆಗೆದಿದ್ದೇನೆ, ಮಲತಾಯಿಗೂ ನೋವಿನ ಹಿನ್ನೆಲೆಯೊಂದನ್ನು ಬರೆದಿದ್ದೇನೆ. ಆದರೂ ಕಥೆಗೆ ಜೀವ ಬಂದಿಲ್ಲ. ಎಲ್ಲಿ ಎಡವುತ್ತಿದ್ದೇನೆ? ಹಳೆಯ ಕಥೆ ಗೊತ್ತಿಲ್ಲದ ಓದುಗರಿಗೂ ಹೊಸದು ಹಿಡಿಸಬೇಕಾದರೆ ಏನು ಮಾಡಬೇಕು?

ಉತ್ತರ: ಮೂಲ ಕೆಟ್ಟುಹೋಗುತ್ತದೆ ಎಂಬ ಭಯವನ್ನು ಮೊದಲು ಬದಿಗಿಡಿ. ನೀವು ಹೆಸರಿಸಿದ ಕಥೆಗಳಲ್ಲಿ ಯಾವುದಕ್ಕೂ ಯಾರ ಕೈಯೂ ಸೋಕದ ಒಂದು ಮೂಲ ಎಂಬುದಿಲ್ಲ. ಜರ್ಮನಿಯ ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಸಹೋದರರು ತಮ್ಮ ಸಂಗ್ರಹದ ಮೊದಲ ಸಂಪುಟವನ್ನು 1812ರಲ್ಲಿ, ಎರಡನೆಯದನ್ನು 1815ರಲ್ಲಿ ಹೊರತಂದರು. ಅಲ್ಲಿಂದ 1857ರ ಏಳನೆಯ ಆವೃತ್ತಿಯವರೆಗೆ ಆ ಕಥೆಗಳು ತಿದ್ದುಪಡಿಗೆ ಒಳಗಾಗುತ್ತಲೇ ಇದ್ದವು, ತಿದ್ದಿದ್ದು ಹೆಚ್ಚಾಗಿ ವಿಲ್ಹೆಲ್ಮ್. 1812ರ ಸ್ನೋ ವೈಟ್ ಕಥೆಯಲ್ಲಿ ಮಗುವನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. ಅವಳು ಮಲತಾಯಿಯಾದದ್ದು 1819ರ ಎರಡನೆಯ ಆವೃತ್ತಿಯಲ್ಲಿ. ಹ್ಯಾನ್ಸೆಲ್ ಮತ್ತು ಗ್ರೆಟೆಲರನ್ನು ಕಾಡಿಗೆ ಬಿಟ್ಟುಬರೋಣ ಎಂದವಳೂ ಮೊದಲಿಗೆ ತಾಯಿಯೇ, 1840ರ ಆವೃತ್ತಿಯಲ್ಲಿ ಅವಳ ಜಾಗಕ್ಕೆ ಮಲತಾಯಿ ಬಂದಳು. ನಡುವೆ, 1825ರಲ್ಲಿ, 50 ಕಥೆಗಳನ್ನು ಆರಿಸಿ ಮಕ್ಕಳಿರುವ ಮನೆಗಳಿಗೆಂದೇ ಒಂದು ಚಿಕ್ಕ ಆವೃತ್ತಿಯೂ ಪ್ರಕಟವಾಯಿತು. ವಿದ್ವಾಂಸರಿಗಾಗಿ ಹುಟ್ಟಿದ ಸಂಗ್ರಹ ಮಕ್ಕಳ ಕೈಗೆ ಬಂದಂತೆಲ್ಲ, ಹೆತ್ತ ತಾಯಿ ಹೀಗೆ ಮಾಡಿದಳೆಂದು ಹೇಳುವುದು ಸಂಪಾದಕರಿಗೆ ಕಷ್ಟವಾಗಿರಬೇಕು.

ತಿದ್ದುಪಡಿಯೊಂದು ಕಥೆಯನ್ನು ಏನು ಮಾಡಬಲ್ಲದು ಎಂಬುದನ್ನು ತಿಳಿಯಲು, ಗೋಪುರದಲ್ಲಿ ಸೆರೆಯಾಗಿ ತನ್ನ ಉದ್ದ ಜಡೆ ಇಳಿಬಿಟ್ಟು ಬಂದವರನ್ನು ಮೇಲೆಳೆಯುವ ರಪುಂಜೆಲಳ ಒಂದೇ ಒಂದು ಮಾತನ್ನು ಗಮನಿಸಿ. ಗ್ರಿಮ್ ಸಂಗ್ರಹದ 1812ರ ಪಾಠದಲ್ಲಿ, ಅಂದರೆ ಆ ವರ್ಷ ಅಚ್ಚಾದ ರೂಪದಲ್ಲಿ, ಅವಳು, ತನ್ನನ್ನು ಗೋಪುರದಲ್ಲಿ ಕೂಡಿಹಾಕಿದವಳ ಮುಂದೆ, ನನ್ನ ಬಟ್ಟೆಗಳು ಏಕೆ ಇಷ್ಟು ಬಿಗಿಯಾಗುತ್ತಿವೆ ಎಂದು ಕೇಳುತ್ತಾಳೆ. ಅವಳು ಬಸುರಿಯೆಂಬುದೂ ಯಾರೋ ಬಂದುಹೋಗುತ್ತಿದ್ದಾರೆಂಬುದೂ ಆ ಮಾತಿನಿಂದ ಬಯಲಾಗುತ್ತದೆ. ಹೊರಗಿನ ಜಗತ್ತನ್ನು ಕಾಣದೆ ಬೆಳೆದ ಹುಡುಗಿಗೆ ತನ್ನ ಮೈಯಲ್ಲಿ ಆಗುತ್ತಿರುವುದು ಏನೆಂದೇ ತಿಳಿಯದು. ಅವಳನ್ನು ಹಾಗೆ ಬೆಳೆಸಿದವಳ ಮೇಲೆ ಆ ಪ್ರಶ್ನೆಯೇ ಒಂದು ಆರೋಪ. ನಂತರದ ಆವೃತ್ತಿಗಳಲ್ಲಿ ಇದು ಅಸಭ್ಯವೆನಿಸಿ, ಅದೇ ಜಾಗದಲ್ಲಿ ಅವಳು, ನಿಮ್ಮನ್ನು ಮೇಲೆಳೆಯುವುದು ರಾಜಕುಮಾರನನ್ನು ಎಳೆಯುವುದಕ್ಕಿಂತ ಏಕೆ ಭಾರ ಎಂದು ಕೇಳುವಂತಾಯಿತು. ಬಸಿರಿನ ಸುಳಿವು ಹೋಯಿತು, ಆದರೆ ಕೊನೆಯಲ್ಲಿ ಬರುವ ಅವಳಿ ಮಕ್ಕಳು ಹಾಗೆಯೇ ಉಳಿದರು. ಏನೂ ಅರಿಯದವಳಾಗಿದ್ದ ಹುಡುಗಿ ಗುಟ್ಟು ಕಾಯಲಾರದ ದಡ್ಡಿಯಾದಳು. ಸಭ್ಯತೆಗಾಗಿ ಮಾಡಿದ ತಿದ್ದುಪಡಿ ಅವಳ ಘನತೆಯನ್ನೇ ಕಿತ್ತುಕೊಂಡಿತು. ನಿಮ್ಮ ಹಸ್ತಪ್ರತಿಯಲ್ಲಿ ಕ್ರೌರ್ಯವನ್ನು ತೆಗೆದ ಕಡೆಯೆಲ್ಲ, ಅದರ ಜೊತೆಗೆ ಇನ್ನೇನು ಹೋಯಿತು ಎಂದು ಇದೇ ರೀತಿ ನೋಡಬೇಕಾಗುತ್ತದೆ.

ಇನ್ನು ನಾಯಕಿಯ ಕೈಗೆ ಕೊಟ್ಟ ಕತ್ತಿಯ ವಿಷಯ. ಹಳೆಯ ಕಥೆಗಳ ಹೆಣ್ಣುಮಕ್ಕಳೆಲ್ಲ ಕೈಕಟ್ಟಿ ಕುಳಿತವರು ಎಂಬ ಭಾವನೆ ಸಾಮಾನ್ಯವಾಗಿ ಮೂಡಿರುವುದು ಕಥೆಗಳಿಂದಲ್ಲ, ಅವುಗಳ ಸಂಕ್ಷಿಪ್ತ ರೂಪಗಳಿಂದ. ಕೆಂಪು ಟೊಪ್ಪಿಗೆಯ ಹುಡುಗಿಯ ಕಥೆಯನ್ನೇ ತೆಗೆದುಕೊಳ್ಳಿ. ಫ್ರೆಂಚ್ ಲೇಖಕ ಶಾರ್ಲ್ ಪೆರೋ 1697ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದ ರೂಪದಲ್ಲಿ ತೋಳ ಹುಡುಗಿಯನ್ನು ತಿನ್ನುತ್ತದೆ, ಕಥೆ ಅಲ್ಲಿಗೇ ಮುಗಿಯುತ್ತದೆ; ಕೊನೆಗೆ, ಸಾಧುವಾಗಿ ಕಾಣುವ ತೋಳಗಳೇ ಎಲ್ಲಕ್ಕಿಂತ ಅಪಾಯಕಾರಿ ಎಂದು ಯುವತಿಯರನ್ನು ಎಚ್ಚರಿಸುವ ಪದ್ಯವೊಂದಿದೆ. ಗ್ರಿಮ್ ರೂಪದಲ್ಲಿ ತಾಯಿ ದಾರಿ ಬಿಟ್ಟು ಹೋಗಬೇಡ ಎನ್ನುತ್ತಾಳೆ, ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಉಳಿಸುತ್ತಾನೆ. ಆದರೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಹಳ್ಳಿಗರ ಬಾಯಿಂದ ಬರೆದುಕೊಂಡ ಒಂದು ರೂಪದಲ್ಲಿ ಬೇಟೆಗಾರನೇ ಇಲ್ಲ. ಹಾಸಿಗೆಯಲ್ಲಿರುವುದು ಅಜ್ಜಿಯಲ್ಲವೆಂದು ಹುಡುಗಿಗೆ ಗೊತ್ತಾಗುತ್ತದೆ, ಹೊರಗೆ ಹೋಗಿ ಬರಬೇಕು ಎನ್ನುತ್ತಾಳೆ, ತೋಳ ಅವಳ ಕಾಲಿಗೆ ಹಗ್ಗ ಕಟ್ಟಿ ಬಿಡುತ್ತದೆ. ಅವಳು ಅದನ್ನು ಬಿಚ್ಚಿ ಅಂಗಳದ ಪ್ಲಮ್ ಮರಕ್ಕೆ ಕಟ್ಟಿ ಓಡಿ ಮನೆ ಸೇರುತ್ತಾಳೆ. ಗ್ರಿಮ್ ಪಾಠದಲ್ಲಿಯೂ ಹೆಚ್ಚಿನವರು ಓದದೆ ಬಿಡುವ ಎರಡನೆಯ ಮುಕ್ತಾಯವೊಂದಿದೆ: ಇನ್ನೊಂದು ತೋಳ ಬಂದಾಗ ಅಜ್ಜಿ ಮೊಮ್ಮಗಳಿಬ್ಬರೇ ಉಪಾಯ ಹೂಡಿ ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ತನ್ನನ್ನು ತಾನೇ ಉಳಿಸಿಕೊಳ್ಳುವ ಹುಡುಗಿ ನಮ್ಮ ಕಾಲದ ಆವಿಷ್ಕಾರವೇನಲ್ಲ. ಅವಳು ಉಳಿದದ್ದು ಆಯುಧದಿಂದಲ್ಲ, ಆ ಸ್ಥಿತಿಯಲ್ಲಿ ಕೈಗೆ ಸಿಕ್ಕ ಹಗ್ಗದಿಂದ ಎಂಬುದನ್ನು ನೀವು ವಿಶೇಷವಾಗಿ ಗಮನಿಸಬೇಕು.

ಈಗ ನಿಮ್ಮ ಸಿಂಡರೆಲ್ಲಾ. ಗ್ರಿಮ್ ಪಾಠವನ್ನು ಪೂರ್ತಿಯಾಗಿ ಓದಿದರೆ ಅವಳು ಕಥೆಯುದ್ದಕ್ಕೂ ಕೆಲಸದಲ್ಲಿ ತೊಡಗಿರುತ್ತಾಳೆ. ಜಾತ್ರೆಗೆ ಹೊರಟ ತಂದೆಯನ್ನು ಮಲಸಹೋದರಿಯರು ಒಳ್ಳೆಯ ಬಟ್ಟೆ, ಮುತ್ತುರತ್ನ ಕೇಳುತ್ತಾರೆ; ಇವಳು, ಹಿಂದಿರುಗುವಾಗ ನಿಮ್ಮ ಟೋಪಿಗೆ ಮೊದಲು ತಗಲುವ ಟೊಂಗೆಯನ್ನು ಮುರಿದು ತನ್ನಿ ಎನ್ನುತ್ತಾಳೆ. ಅದನ್ನು ತಾಯಿಯ ಗೋರಿಯ ಮೇಲೆ ನೆಡುತ್ತಾಳೆ, ಅತ್ತು ನೀರೆರೆಯುತ್ತಾಳೆ, ದಿನಕ್ಕೆ ಮೂರು ಬಾರಿ ಅಲ್ಲಿಗೆ ಹೋಗುತ್ತಾಳೆ. ಬಟ್ಟೆ ಕೊಡುವುದು ಆ ಮರ ಮತ್ತು ಅದರ ಮೇಲೆ ಬಂದು ಕೂರುವ ಹಕ್ಕಿ. ಗಾಜಿನ ಪಾದರಕ್ಷೆಯೂ ಕುಂಬಳಕಾಯಿಯ ಗಾಡಿಯೂ ಪೆರೋನಿಂದ ಬಂದವು, ಇಲ್ಲಿಲ್ಲ. ಅರಮನೆಯ ಉತ್ಸವದ ಮೂರು ರಾತ್ರಿಯೂ ರಾಜಕುಮಾರನ ಕೈಯಿಂದ ತಪ್ಪಿಸಿಕೊಂಡು ಓಡುವವಳು ಅವಳೇ. ಮೂರನೆಯ ರಾತ್ರಿ ಅವನು ಮೆಟ್ಟಿಲಿಗೆ ಅಂಟು ಬಳಿಸಿದ್ದರಿಂದ ಒಂದು ಪಾದರಕ್ಷೆ ಹಿಂದೆ ಉಳಿಯುತ್ತದೆ. ಇಂಥವಳ ಕೈಗೆ ಕತ್ತಿ ಕೊಟ್ಟರೆ ಅವಳ ಶಕ್ತಿ ಹೆಚ್ಚುವುದಿಲ್ಲ. ಮರ ನೆಟ್ಟು ಬೆಳೆಸಿದ ಶಕ್ತಿ ಮರೆಯಾಗಿ, ಬೇರೆ ನೂರು ಕಥೆಗಳಿಂದ ಎರವಲು ತಂದ ಶಕ್ತಿಯೊಂದು ಅದರ ಮೇಲೆ ಕೂರುತ್ತದೆ. ಕಥೆಗೆ ಜೀವ ಬಾರದಿರುವುದಕ್ಕೆ ಒಂದು ಕಾರಣ ಇದೇ ಇರಬೇಕು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮಲತಾಯಿಗೆ ಹಿನ್ನೆಲೆ ಬರೆಯುವಾಗ ನೀವು ಕಥೆ ಈಗಾಗಲೇ ಗಟ್ಟಿಯಾಗಿ ಮಾತನಾಡಿರುವ ಕಡೆ ಮಾತು ಸೇರಿಸಿದ್ದೀರಿ, ಅದು ಬಾಯಿ ಮುಚ್ಚಿಕೊಂಡಿರುವ ಕಡೆ ಕಿವಿಗೊಟ್ಟಿಲ್ಲ. ಸಿಂಡರೆಲ್ಲಾಳ ತಂದೆ ಬದುಕಿದ್ದಾನೆ. ಗ್ರಿಮ್ ಪಾಠದಲ್ಲಿ ಅವನು ಮೊದಲಿನಿಂದ ಕೊನೆಯವರೆಗೂ ಆ ಮನೆಯಲ್ಲೇ ಇದ್ದಾನೆ. ಮೊದಲ ರಾತ್ರಿ ಹುಡುಗಿ ಓಡಿಬಂದು ಪಾರಿವಾಳದ ಗೂಡಿಗೆ ಹಾರುತ್ತಾಳೆ, ಬೆನ್ನಟ್ಟಿ ಬಂದ ರಾಜಕುಮಾರ ಅದನ್ನು ತಂದೆಗೆ ಹೇಳುತ್ತಾನೆ. ಅದು ಸಿಂಡರೆಲ್ಲಾ ಇರಬಹುದೇ ಎಂದು ತಂದೆಯ ಮನಸ್ಸಿಗೆ ಹೊಳೆಯುತ್ತದೆ. ಹೊಳೆದ ಮೇಲೆ ಅವನು ಮಗಳ ಹೆಸರು ಹಿಡಿದು ಕೂಗುವುದಿಲ್ಲ; ಕೊಡಲಿ ತರಿಸಿ ಗೂಡನ್ನು ಒಡೆಸುತ್ತಾನೆ. ಎರಡನೆಯ ರಾತ್ರಿ ಅವಳು ಪೇರುಮರ ಹತ್ತುತ್ತಾಳೆ. ಮತ್ತೆ ಅದೇ ಅನುಮಾನ, ಮತ್ತೆ ಕೊಡಲಿ, ಮರ ನೆಲಕ್ಕುರುಳುತ್ತದೆ. ಕೊನೆಗೆ ರಾಜಕುಮಾರ ಈ ಮನೆಯಲ್ಲಿ ಇನ್ನೊಬ್ಬ ಮಗಳಿಲ್ಲವೇ ಎಂದು ಕೇಳಿದಾಗ, ತೀರಿಕೊಂಡ ಹೆಂಡತಿಯ ಬೆಳೆಯದ ಹುಡುಗಿಯೊಬ್ಬಳಿದ್ದಾಳೆ, ಅವಳು ವಧುವಾಗಿರಲು ಸಾಧ್ಯವೇ ಇಲ್ಲ ಎನ್ನುತ್ತಾನೆ. ಹಕ್ಕಿಗಳು ಮಲಸಹೋದರಿಯರ ಕಣ್ಣು ಕುಕ್ಕುತ್ತವೆ. ತಂದೆಗೆ ಏನೂ ಆಗುವುದಿಲ್ಲ, ಅವನ ಬಗ್ಗೆ ಕಥೆ ಒಂದು ಮಾತೂ ಆಡದೆ ಮುಗಿಯುತ್ತದೆ. ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದ ಈ ಮನುಷ್ಯನನ್ನು ಇಂದಿನ ಓದುಗರಿಗೆ ಪರಿಚಯಿಸಬೇಕಾಗಿಲ್ಲ, ಅವರು ಅವನನ್ನು ಬಲ್ಲರು. ನಿಮ್ಮ ಮರುಕಥನ ಹುಟ್ಟಬೇಕಾದದ್ದು ಇಲ್ಲಿ ಎಂದು ನನ್ನ ದೃಢವಾದ ಅಭಿಪ್ರಾಯ.

ಹ್ಯಾನ್ಸೆಲ್ ಮತ್ತು ಗ್ರೆಟೆಲರ ಕಥೆಯಲ್ಲಿಯೂ ಇಂಥದೇ ಮೌನವಿದೆ, ಇನ್ನೂ ಆಳವಾದದ್ದು. ಬರಗಾಲ, ಬೆಣಚುಕಲ್ಲು, ರೊಟ್ಟಿಯ ಚೂರು, ಸಕ್ಕರೆಯ ಕಿಟಕಿಯ ಮನೆ ಇವು ಎಲ್ಲರಿಗೂ ನೆನಪಿರುತ್ತವೆ. ಕೊನೆ ನೆನಪಿರುವುದಿಲ್ಲ. ಮಾಟಗಾತಿಯನ್ನು ಒಲೆಗೆ ನೂಕಿದ ಮಕ್ಕಳು ಅವಳ ಮನೆಯ ಮುತ್ತುರತ್ನಗಳನ್ನು ತುಂಬಿಕೊಂಡು, ಬಾತುಕೋಳಿಯ ಬೆನ್ನೇರಿ ಒಬ್ಬೊಬ್ಬರಾಗಿ ನೀರು ದಾಟಿ, ಎರಡು ಬಾರಿ ತಮ್ಮನ್ನು ಕಾಡಿನಲ್ಲಿ ಬಿಟ್ಟುಬಂದ ತಂದೆಯ ಮನೆಗೇ ಹಿಂದಿರುಗುತ್ತಾರೆ. ಅಷ್ಟರಲ್ಲಿ ಹೆಂಡತಿ ಸತ್ತಿರುತ್ತಾಳೆ, ಹೇಗೆಂದು ಕಥೆ ಹೇಳುವುದಿಲ್ಲ. ತಂದೆಗೆ ಅಂದಿನಿಂದ ಒಂದು ಗಳಿಗೆಯೂ ನೆಮ್ಮದಿಯಿರಲಿಲ್ಲ ಎನ್ನುತ್ತದೆ, ಗ್ರೆಟೆಲ್ ಮಡಿಲಿನ ಮುತ್ತುಗಳನ್ನು ನೆಲಕ್ಕೆ ಸುರಿಯುತ್ತಾಳೆ, ಎಲ್ಲರೂ ಸುಖವಾಗಿರುತ್ತಾರೆ. ಮುತ್ತಿಲ್ಲದೆ ಬಂದಿದ್ದರೆ? ಮತ್ತೊಂದು ಬರಗಾಲ ಬಂದರೆ? ಮನೆಯೊಳಗೆ ಮತ್ತೆ ಒಲೆ ಉರಿಯುವಾಗ ಆ ಹುಡುಗಿಗೆ ಏನಾಗುತ್ತದೆ? ಮರುಕಥನಕಾರರು ಮಾಟಗಾತಿಯ ಬಾಲ್ಯವನ್ನು ಹುಡುಕಿ ದೂರ ಹೋಗುವುದಕ್ಕಿಂತ ಈ ಹೊಸ್ತಿಲಲ್ಲಿ ನಿಲ್ಲುವುದು ಮೇಲು. ಉದಾಹರಣೆಗೆ, ಹೀಗೆ ಆರಂಭಿಸಬಹುದು:

"ಬಾಗಿಲು ತೆರೆದವನು ಅಪ್ಪನೇ. ಅವನು ಅತ್ತ, ಇಬ್ಬರನ್ನೂ ಅಪ್ಪಿಕೊಂಡ, ಆಮೇಲೆ ಏನಾದರೂ ಬೇಯಿಸುತ್ತೇನೆ ಎಂದು ಒಳಗೆ ಹೋದ. ಒಲೆಯ ಬಾಗಿಲು ತೆರೆದ ಸದ್ದಿಗೆ ಗ್ರೆಟೆಲ್ ಹೊಸ್ತಿಲಾಚೆಗೆ ಸರಿದು ನಿಂತಳು. ಒಳಗೆ ಬಾ, ಚಳಿಯಿದೆ ಎಂದ ಅಪ್ಪ. ಮಡಿಲಲ್ಲಿದ್ದುದನ್ನು ಅವಳು ಇನ್ನೂ ಸುರಿದಿರಲಿಲ್ಲ. ಎಷ್ಟು ಸೌದೆಯಿದೆ ಅಪ್ಪಾ, ಎಷ್ಟು ಹಿಟ್ಟಿದೆ ಎಂದು ಕೇಳಿದಳು."

ಇಲ್ಲಿ ಹಳೆಯ ಕಥೆಯ ಒಂದು ಘಟನೆಯೂ ಬದಲಾಗಿಲ್ಲ. ಬಾಗಿಲು, ಒಲೆ, ಮಡಿಲು, ಮುತ್ತು ಎಲ್ಲವೂ ಅದರವೇ. ಬದಲಾದದ್ದು, ಮುತ್ತು ಸುರಿಯುವ ಮುನ್ನ ಹುಡುಗಿ ಒಂದು ಕ್ಷಣ ತಡೆದು ಲೆಕ್ಕ ಕೇಳಿದ್ದು ಮಾತ್ರ. ಕ್ಷಮೆ ತಾನಾಗಿ ಒದಗಿಬರುವುದಿಲ್ಲ ಎಂಬ ನಮ್ಮ ಕಾಲದ ಅರಿವು ಅಷ್ಟರಿಂದಲೇ ಒಳಬರುತ್ತದೆ, ಯಾವ ಪಾತ್ರವೂ ಅದನ್ನು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಕ್ರೌರ್ಯದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ವಿಟ್ಜರ್ಲೆಂಡಿನ ವಿದ್ವಾಂಸ ಮ್ಯಾಕ್ಸ್ ಲೂಥಿ 1947ರಲ್ಲಿ ಪ್ರಕಟವಾದ ತನ್ನ ಅಧ್ಯಯನದಲ್ಲಿ ಯುರೋಪಿನ ಜನಪದ ಕಥೆಗಳ ಶೈಲಿಯನ್ನು ವಿವರಿಸುತ್ತಾ, ಅವುಗಳ ಪಾತ್ರಗಳಿಗೆ ಒಳಮನಸ್ಸಿನ ಆಳವೂ ಮೈಯ ನೋವೂ ಇಲ್ಲದಿರುವುದನ್ನು ತೋರಿಸಿಕೊಟ್ಟ. ಗ್ರಿಮ್ ಸಂಗ್ರಹದ ಒಂದು ಕಥೆಯಲ್ಲಿ, ಕಾಡುಕಾಗೆಗಳಾಗಿ ಹೋದ ಏಳು ಅಣ್ಣಂದಿರನ್ನು ಹುಡುಕುತ್ತಾ ಹೊರಟ ತಂಗಿ ಗಾಜಿನ ಬೆಟ್ಟದ ಬಾಗಿಲಿಗೆ ಬರುತ್ತಾಳೆ. ಅದನ್ನು ತೆರೆಯಲು ನಕ್ಷತ್ರ ಕೊಟ್ಟಿದ್ದ ಮೂಳೆ ಕಳೆದುಹೋಗಿರುತ್ತದೆ. ಚಾಕು ತೆಗೆದು ತನ್ನ ಕಿರುಬೆರಳನ್ನು ಕತ್ತರಿಸಿ, ಅದನ್ನೇ ಬೀಗದಲ್ಲಿ ತೂರಿಸಿ, ಬಾಗಿಲು ತೆರೆದು ಒಳಗೆ ಹೋಗುತ್ತಾಳೆ. ರಕ್ತವಿಲ್ಲ, ಕೂಗಿಲ್ಲ, ಮುಂದೆ ಆ ಕೈಯ ಸುದ್ದಿಯೂ ಇಲ್ಲ. ಕಾಗದದ ಬೊಂಬೆಯ ಬೆರಳು ಕತ್ತರಿಸಿದಂತೆ ಅದು ನಡೆದುಹೋಗುತ್ತದೆ. ಮಕ್ಕಳು ಇಂಥ ಕಥೆಗಳನ್ನು ಕೇಳಿ ನಿದ್ದೆ ಹೋಗಲು ಸಾಧ್ಯವಾದದ್ದು ಈ ಶೈಲಿಯಿಂದ. ಆಧುನಿಕ ಕಾದಂಬರಿಯ ಗದ್ಯದಲ್ಲಿ ಪಾತ್ರಗಳಿಗೆ ಮೈಯಿದೆ, ನೆನಪಿದೆ, ಚಳಿಯಿದೆ. ಆ ಗದ್ಯಕ್ಕೆ ತಂದ ಕೂಡಲೇ ಅದೇ ಬೆರಳು ನೋಯತೊಡಗುತ್ತದೆ. ಆದ್ದರಿಂದ ಕ್ರೌರ್ಯವನ್ನು ಇಡಬೇಕೇ ತೆಗೆಯಬೇಕೇ ಎಂದು ಕೇಳಿಕೊಳ್ಳುವ ಮೊದಲು, ಯಾವ ಗದ್ಯದಲ್ಲಿ ಬರೆಯುತ್ತಿದ್ದೇನೆ ಎಂದು ನಿರ್ಧರಿಸಿಕೊಳ್ಳಿ. ಹಳೆಯ ಚುಟುಕಾದ ನಿರೂಪಣೆಯನ್ನು ಉಳಿಸಿಕೊಂಡರೆ ಕ್ರೌರ್ಯವೂ ಉಳಿಯಬಹುದು. ಮೈ ಮನಸ್ಸುಗಳ ಗದ್ಯವನ್ನು ಆರಿಸಿಕೊಂಡರೆ, ಸ್ನೋ ವೈಟ್‌ಳ ಮದುವೆಯಲ್ಲಿ ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು ಸಾಯುವವರೆಗೆ ಕುಣಿಯಬೇಕಾದ ರಾಣಿಯನ್ನು ಬರೆಯುವಾಗ, ಅದನ್ನು ಕುಳಿತು ನೋಡುತ್ತಿರುವ ವಧುವನ್ನೂ ಬರೆಯಲೇಬೇಕು. ಪಾದರಕ್ಷೆ ಕಾಯಿಸಲು ಹೇಳಿದವರು ಯಾರು? ಅವಳು ಮುಖ ತಿರುಗಿಸಿದಳೇ? ಗ್ರಿಮ್ ಹೇಳಿಲ್ಲ, ನೀವು ಹೇಳಬೇಕಾಗುತ್ತದೆ.

ದುಷ್ಟ ಪಾತ್ರಕ್ಕೆ ನೋವಿನ ಕಾರಣ ಕೊಡುವುದು ಇತ್ತೀಚಿನ ಮರುಕಥನಗಳಲ್ಲಿ ಬಹಳ ಸಾಮಾನ್ಯವಾಗಿದೆ. ನಾನು ಇದನ್ನು ಪೂರ್ತಿಯಾಗಿ ವಿರೋಧಿಸುವುದಿಲ್ಲ, ಆದರೆ ಒಂದು ಷರತ್ತು ಹಾಕುತ್ತೇನೆ: ಕಾರಣ ಕೊಟ್ಟ ಮೇಲೆ ಕೃತ್ಯವನ್ನು ಮೆದುವಾಗಿಸಬಾರದು. ಕನ್ನಡಿ ಮೊದಲ ಬಾರಿ ಸ್ನೋ ವೈಟ್‌ಳ ಹೆಸರು ಹೇಳಿದಾಗ ಅವಳಿಗೆ ಏಳು ವರ್ಷ. ರಾಣಿ ಬೇಟೆಗಾರನಿಂದ ತರಿಸಿ, ಉಪ್ಪು ಹಾಕಿ ಬೇಯಿಸಿ ತಿಂದದ್ದು ಆ ಮಗುವಿನದೇ ಎಂದು ನಂಬಿದ್ದ ಶ್ವಾಸಕೋಶ ಮತ್ತು ಯಕೃತ್ತನ್ನು. ಸೌಂದರ್ಯವೊಂದೇ ಬಂಡವಾಳವಾಗಿದ್ದ ಹೆಣ್ಣಿನ ಭಯವನ್ನು ನೀವು ಎಷ್ಟೇ ಮರುಕದಿಂದ ಬರೆಯಿರಿ, ಆ ಊಟದ ತಟ್ಟೆಯನ್ನು ಮೇಜಿನಿಂದ ಎತ್ತಿಬಿಟ್ಟರೆ ಮರುಕಕ್ಕೆ ಬೆಲೆಯಿಲ್ಲ. ಅವಳನ್ನು ಅರ್ಥ ಮಾಡಿಕೊಂಡೂ ಅವಳಿಗೆ ಹೆದರುವ ಸ್ಥಿತಿಯಲ್ಲಿ ಓದುಗರನ್ನು ಇರಿಸುವುದು ಕಷ್ಟ. ಕಷ್ಟವಾದರೂ ಬರೆಯಲು ಯೋಗ್ಯವಾದದ್ದು ಅದೇ.

ಮಲಗಿದ್ದ ನಿದ್ರಾಸುಂದರಿಗೆ ರಾಜಕುಮಾರ ಕೊಟ್ಟ ಮುತ್ತಿನ ಬಗ್ಗೆ, ಅವಳ ಒಪ್ಪಿಗೆಯ ಬಗ್ಗೆ ಇಂದು ಎಲ್ಲರೂ ಬರೆಯುತ್ತಾರೆ. ಬರೆಯಬೇಕಾದದ್ದೇ, ಏಕೆಂದರೆ ಇಟಲಿಯ ಜಾಂಬತ್ತಿಸ್ತಾ ಬಸಿಲೆಯ 1634–36ರ ಸಂಗ್ರಹದಲ್ಲಿರುವ ರೂಪದಲ್ಲಿ ರಾಜ ಎಚ್ಚರವಿಲ್ಲದವಳನ್ನು ಕೂಡಿ ಹೊರಟುಹೋಗುತ್ತಾನೆ, ಅವಳು ನಿದ್ದೆಯಲ್ಲಿಯೇ ಅವಳಿಗಳನ್ನು ಹೆರುತ್ತಾಳೆ. ಆದರೆ ಈ ಕಥೆಯಲ್ಲಿ ಇನ್ನೂ ಹೆಚ್ಚು ಜನ ಮುಟ್ಟದ ಜಾಗವೊಂದಿದೆ. ಪೆರೋನ ರೂಪದಲ್ಲಿ ರಾಜ ರಾಣಿಯರು ಮಗಳ ಜೊತೆ ನಿದ್ರಿಸುವುದಿಲ್ಲ. ಅವಳಿಗೆ ಮುತ್ತಿಟ್ಟು ಅರಮನೆ ಬಿಟ್ಟು ಹೋಗುತ್ತಾರೆ. ನೂರು ವರ್ಷಗಳ ನಂತರ ಎದ್ದಾಗ ಅವಳ ತಂದೆತಾಯಿ ಸತ್ತು ಎಷ್ಟೋ ಕಾಲವಾಗಿದೆ. ಅವಳ ಉಡುಪು ತನ್ನ ಅಜ್ಜಿಯ ಕಾಲದ್ದು ಎಂದು ರಾಜಕುಮಾರನಿಗೆ ಕಾಣುತ್ತದೆ, ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. ತನ್ನ ಕಾಲವನ್ನೇ ಕಳೆದುಕೊಂಡು ಎದ್ದವಳ ದುಃಖಕ್ಕೆ ಪೆರೋ ಒಂದು ವಾಕ್ಯವನ್ನೂ ಕೊಡಲಿಲ್ಲ. ಅಲ್ಲಿ ಒಂದು ಇಡೀ ಕಾದಂಬರಿ ಕಾದಿದೆ.

ಒಂದೇ ಬದಲಾವಣೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇಂಗ್ಲಿಷ್ ಲೇಖಕಿ ಏಂಜೆಲಾ ಕಾರ್ಟರ್ 1979ರಲ್ಲಿ ಹೊಸದಾಗಿ ಬರೆದ, ಹೆಂಡತಿಯರನ್ನು ಕೊಲ್ಲುವ ನೀಲಿಗಡ್ಡದವನ ಕಥೆಗಿಂತ ಒಳ್ಳೆಯ ಪಾಠವಿಲ್ಲ. ಪೆರೋನಲ್ಲಿ ಹೆಂಡತಿಯನ್ನು ಕೊನೆಯ ಕ್ಷಣದಲ್ಲಿ ಉಳಿಸುವವರು ಅವಳ ಅಣ್ಣತಮ್ಮಂದಿರು. ಕಾರ್ಟರ್ ಅಲ್ಲಿ ತಾಯಿಯನ್ನು ತಂದಳು, ತೀರಿಕೊಂಡ ಗಂಡನ ರಿವಾಲ್ವರ್ ಹಿಡಿದು ಕುದುರೆಯೇರಿ ಬರುವ ತಾಯಿ. ನಿಷಿದ್ಧ ಕೋಣೆ, ಬೀಗದ ಕೈ, ಅಳಿಸಲಾಗದ ಕಲೆ ಎಲ್ಲವೂ ಹಳೆಯವೇ. ಮಗಳು ದೂರವಾಣಿಯಲ್ಲಿ ಅತ್ತದ್ದನ್ನು ಕೇಳಿಯೇ ತಾಯಿ ಹೊರಟುಬಂದಳು ಎಂಬುದನ್ನೂ ನೋಡಿ. ಆಧುನಿಕ ವಸ್ತುವೊಂದು ಅಲ್ಲಿ ಅಲಂಕಾರಕ್ಕೆ ಬಂದಿಲ್ಲ, ಕಥೆಯ ತಿರುವನ್ನೇ ಹೊತ್ತಿದೆ. ಕಾಲವನ್ನು ಇಂದಿಗೆ ತರುವುದಾದರೆ ನಿಮ್ಮ ಮೊಬೈಲೂ ಕ್ಯಾಮೆರಾವೂ ಹಾಗೆ ದುಡಿಯಬೇಕು. ಕಾಡಿನಲ್ಲಿ ಸಿಗ್ನಲ್ ಇಲ್ಲ ಎಂದು ಬರೆದು ದಾಟಿಹೋಗುವುದಾದರೆ ಕಥೆಯನ್ನು ಹಳೆಯ ಕಾಲದಲ್ಲೇ ಬಿಡುವುದು ಒಳ್ಳೆಯದು.

ಹಳೆಯ ಕಥೆ ಗೊತ್ತಿಲ್ಲದ ಓದುಗರ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಕಥೆಯ ನಿಯಮವನ್ನು ಕಥೆಯೊಳಗೇ, ಮೊದಲ ಪುಟಗಳಲ್ಲಿ, ಸ್ಪಷ್ಟವಾಗಿ ಹೇಳಿಬಿಡಿ: ಈ ಬಾಗಿಲು ತೆರೆಯಬಾರದು, ಈ ದಾರಿ ಬಿಡಬಾರದು, ಮೂರು ರಾತ್ರಿ ಮಾತ್ರ. ಹಳೆಯ ಕಥೆ ಬಲ್ಲವರಿಗಷ್ಟೇ ಹೊಳೆಯುವ ಸೂಚನೆಗಳಿರಬಹುದು. ಆದರೆ ಭಾವ ಉಕ್ಕುವ ಯಾವ ಘಟ್ಟವೂ ಅಂಥ ಸೂಚನೆಯ ಮೇಲೆ ನಿಂತಿರಬಾರದು. ಆ ಕಥೆ ಎಂದೂ ಕೇಳಿರದ ಒಬ್ಬರಿಗೆ ಹಸ್ತಪ್ರತಿಯನ್ನು ಓದಲು ಕೊಟ್ಟು, ಎಲ್ಲಿ ಬೇಸರವಾಯಿತು ಎಂಬುದಕ್ಕಿಂತ ಎಲ್ಲಿ ಏನೋ ತಪ್ಪಿಹೋದಂತೆ ಅನಿಸಿತು ಎಂದು ಕೇಳಿ.

ಬರೆಯಲು ಮತ್ತೆ ಕೂರುವ ಮುನ್ನ ನಿಮ್ಮ ಕಥೆಯ 1812ರ ಮತ್ತು 1857ರ ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿ, ಅವು ಬೇರೆಯಾಗುವ ಕಡೆಯೆಲ್ಲ ಗುರುತು ಹಾಕಿಕೊಳ್ಳಿ. ಸಂಪಾದಕರು ಮುಜುಗರಪಟ್ಟ ಜಾಗಗಳು ಅವು, ಹೆಚ್ಚಿನ ವೇಳೆ ನಿಮ್ಮ ಕೆಲಸ ಇರುವುದೂ ಅಲ್ಲಿಯೇ. ಪೆರೋ, ಗ್ರಿಮ್, 1875ರಲ್ಲಿ ತೀರಿಕೊಂಡ ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ ಇವರ ಮೂಲ ಪಾಠಗಳ ಮೇಲೆ ಇಂದು ಯಾರ ಹಕ್ಕೂ ಇಲ್ಲ, ಆದ್ದರಿಂದ ಕಥೆಯನ್ನು ಬಳಸಲು ಅನುಮತಿ ಬೇಕಿಲ್ಲ. ಇತ್ತೀಚಿನ ಅನುವಾದಗಳ ವಾಕ್ಯಗಳಿಗೆ ಮತ್ತು ಸಿನಿಮಾಗಳು ಹೊಸದಾಗಿ ಸೇರಿಸಿದ ಅಂಶಗಳಿಗೆ ಇದು ಅನ್ವಯಿಸುವುದಿಲ್ಲ. ಗ್ರಿಮ್ ಕಥೆಯ ಏಳು ಕುಬ್ಜರಿಗೆ ಹೆಸರುಗಳೇ ಇಲ್ಲ. ಡಿಸ್ನಿಯ 1937ರ ಸ್ನೋ ವೈಟ್ ಚಲನಚಿತ್ರದ ಹೆಸರುಗಳನ್ನೂ ರೂಪಗಳನ್ನೂ ಬಿಟ್ಟು, ನಿಮ್ಮ ಏಳು ಜನರಿಗೆ ನೀವೇ ಹೆಸರಿಡಿ.